ಥೆರಪಿಸ್ಟ್ ಹುಡುಕುವವರಿಗೆ: ಮೊದಲ ಫೋನಿನಿಂದ ಮೂರನೇ ಭೇಟಿಯವರೆಗೆ

"ಒಳ್ಳೆ ಥೆರಪಿಸ್ಟ್ ಯಾರಾದ್ರೂ ಗೊತ್ತಿದ್ರೆ ಹೇಳಿ" ಎಂದು ಕೇಳುವವರು ಈಗ ಬೆಂಗಳೂರಿನಲ್ಲಷ್ಟೇ ಅಲ್ಲ, ಹಾಸನ, ಗದಗ, ಶಿರಸಿಯಲ್ಲೂ ಇದ್ದಾರೆ. ಕೇಳಿದ ತಕ್ಷಣ ಒಂದು ಹೆಸರು, ಒಂದು ನಂಬರ್ ಕೊಟ್ಟು ಕೈತೊಳೆದುಕೊಳ್ಳುವುದು ಸುಲಭ. ಆದರೆ ಅಕ್ಕನಿಗೆ ಹಿಡಿಸಿದವರು ತಂಗಿಗೆ ಹಿಡಿಸಬೇಕೆಂದೇನೂ ಇಲ್ಲ. ಯಾರೋ ಕೊಟ್ಟ ನಂಬರಿಗೆ ಫೋನ್ ಮಾಡಿ, ಹೋಗಿ, ಒಂದು ಸಲ ಕೂತು, ಸರಿಬರದೆ ಎದ್ದು ಬಂದು, "ಈ ಥೆರಪಿ ಗಿರಪಿ ನಮಗಲ್ಲ" ಎಂದು ವರ್ಷಗಟ್ಟಲೆ ಆ ಕಡೆ ತಲೆಹಾಕದವರು ಎಷ್ಟೋ ಮಂದಿ. ಕೆಲವರಿಗೆ ಸಿಕ್ಕ ವ್ಯಕ್ತಿ ಹೊಂದಿರುವುದಿಲ್ಲ. ಇನ್ನು ಕೆಲವರಿಗೆ ಬೇಕಿದ್ದದ್ದೇ ಬೇರೆ ಬಗೆಯ ತಜ್ಞರು. ಆದ್ದರಿಂದ ಇಲ್ಲಿ ವ್ಯಕ್ತಿಗಳ ಹೆಸರಿಲ್ಲ, ಹುಡುಕುವ ಕ್ರಮ ಇದೆ.

ಶುರುಮಾಡುವ ಮೊದಲು ಒಂದು ಮಾತು. ಸಾಯಬೇಕು ಅನ್ನಿಸುತ್ತಿದ್ದರೆ, ಯಾರಿಗೂ ಕೇಳದ ದನಿಗಳು ಕೇಳುತ್ತಿದ್ದರೆ, ದಿನಗಟ್ಟಲೆ ನಿದ್ದೆ ಊಟ ಬಿಟ್ಟುಹೋಗಿದ್ದರೆ, ಇದು ಹೊಂದುವವರನ್ನು ಆರಿಸುತ್ತ ಕೂರುವ ಹೊತ್ತಲ್ಲ. ಹತ್ತಿರದ ಜಿಲ್ಲಾಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಬೆಂಗಳೂರಿನಲ್ಲಿದ್ದರೆ ನಿಮ್ಹಾನ್ಸ್‌ನ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಿಗುತ್ತದೆ: ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾದದ್ದು, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಆತ್ಮಹತ್ಯೆಗೆ ಯತ್ನಿಸಿದ್ದನ್ನು ಹೇಳಿಕೊಂಡರೆ ಪೊಲೀಸ್ ಕೇಸಾಗುತ್ತದೆ ಎಂಬ ಹೆದರಿಕೆ ಹಳ್ಳಿಗಳಲ್ಲಿ ಇನ್ನೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಹಾಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಶಿಕ್ಷಿಸುವಂತಿಲ್ಲ. ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆ.

ಇನ್ನು ಉಳಿದವರಿಗೆ.

ನಿಮಗೆ ಬೇಕಿರುವುದು ಯಾರು?

ಬೋರ್ಡಿನ ಮೇಲೆ "ಮಾನಸಿಕ ತಜ್ಞರು" ಎಂದಿದ್ದರೆ ಅವರು ನಾಲ್ಕು ಬಗೆಯಲ್ಲಿ ಯಾರಾದರೂ ಆಗಿರಬಹುದು. ಇಲ್ಲಿ ಗೊಂದಲವಾದರೆ ಮುಂದಿನದೆಲ್ಲ ತಪ್ಪುತ್ತದೆ.

ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಸೈಕಿಯಾಟ್ರಿಯಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಮಾಡಿದ ಡಾಕ್ಟರು. ಮಾತ್ರೆ ಬರೆಯುವುದು ಅವರ ಕೆಲಸ. ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಮನಶ್ಶಾಸ್ತ್ರ ಓದಿ, ಅದರ ಮೇಲೆ ಆಸ್ಪತ್ರೆಯಲ್ಲಿ ತರಬೇತಿ ಪಡೆದವರು. ಈಗ ಕೆಲಸದಲ್ಲಿರುವವರಲ್ಲಿ ಹೆಚ್ಚಿನವರು ಎರಡು ವರ್ಷದ ಎಂಫಿಲ್ ಮಾಡಿದ್ದಾರೆ. ಪರೀಕ್ಷೆ, ಥೆರಪಿ ಎರಡನ್ನೂ ಮಾಡುತ್ತಾರೆ, ಮಾತ್ರೆ ಬರೆಯುವಂತಿಲ್ಲ. ಸೈಕಿಯಾಟ್ರಿಕ್ ಸೋಷಿಯಲ್ ವರ್ಕರ್‌ಗಳ ಬಗ್ಗೆ ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಆದರೆ ಗಂಡ ಹೆಂಡಿರ ಜಗಳ, ಕುಡಿತ, ಮನೆಮಂದಿಯ ನಡುವಿನ ಗಂಟುಗಳ ವಿಷಯದಲ್ಲಿ ಇವರಷ್ಟು ಪಳಗಿದವರು ಸಿಗುವುದು ಕಷ್ಟ. ಕೊನೆಯವರು ಕೌನ್ಸೆಲರ್‌ಗಳು, ಅಂದರೆ ಆಪ್ತಸಮಾಲೋಚಕರು. ಮನಶ್ಶಾಸ್ತ್ರದಲ್ಲಿ ಎಂಎ, ಎಂಎಸ್ಸಿ ಮಾಡಿ ಹಲವು ವರ್ಷ ಪಳಗಿದವರೂ ಈ ಗುಂಪಿನಲ್ಲಿದ್ದಾರೆ, ವಾರಾಂತ್ಯದ ಸರ್ಟಿಫಿಕೇಟ್ ಹಿಡಿದವರೂ ಇದ್ದಾರೆ. ಇಲ್ಲಿ ಥೆರಪಿಸ್ಟ್ ಎಂದರೆ ಮಾತುಕತೆಯ ಮೂಲಕ ಚಿಕಿತ್ಸೆ ಕೊಡುವ ಈ ಕೊನೆಯ ಮೂರು ಬಗೆಯವರು.

"ಮನೋವೈದ್ಯರ ಹತ್ರ ಹೋದೆ, ಐದು ನಿಮಿಷ ಮಾತಾಡ್ಸಿ ಮಾತ್ರೆ ಬರೆದು ಕಳಿಸಿಬಿಟ್ರು" ಎಂಬ ದೂರು ಎಲ್ಲೆಲ್ಲೂ ಕೇಳುತ್ತದೆ. ದೂರಿನಲ್ಲಿ ಹುರುಳಿದೆ. ಆದರೆ ಹೊರಗೆ 60 ಮಂದಿ ಕಾಯುತ್ತಿರುವ ಮನೋವೈದ್ಯರಿಂದ ಮುಕ್ಕಾಲು ಗಂಟೆಯ ಮಾತುಕತೆ ನಿರೀಕ್ಷಿಸಿ ಹೋದರೆ ನಿರಾಸೆ ಖಂಡಿತ. ಅವರ ಹತ್ತಿರ ಕಾಯಿಲೆ ಏನೆಂದು ತಿಳಿದುಕೊಳ್ಳಿ, ಮಾತ್ರೆ ಬೇಕೋ ಬೇಡವೋ ಕೇಳಿ, "ಸರ್, ಥೆರಪಿಗೆ ಯಾರ ಹತ್ರ ಹೋಗ್ಲಿ?" ಎಂದೂ ಕೇಳಿ. ತೀವ್ರ ಖಿನ್ನತೆ, ಬೈಪೋಲಾರ್, ಸ್ಕಿಜೋಫ್ರೇನಿಯಾ ಇವುಗಳಲ್ಲಿ ಮೊದಲು ಮನೋವೈದ್ಯರು, ಆಮೇಲೆ ಥೆರಪಿಸ್ಟ್. ಕೆಲಸದ ಒತ್ತಡ, ಸಂಬಂಧ ಮುರಿದ ನೋವು, ಅಪ್ಪ ತೀರಿಕೊಂಡ ಮೇಲೆ ಹೋಗದ ದುಃಖ, ನಾಲ್ಕು ಜನರ ಮುಂದೆ ನಿಲ್ಲಲಾಗದ ಹೆದರಿಕೆ ಇಂಥವಕ್ಕೆ ನೇರವಾಗಿ ಥೆರಪಿಸ್ಟ್ ಹತ್ತಿರವೇ ಹೋಗಬಹುದು. ಬರೀ ಸುಸ್ತು, ಬೇಸರ, ಮಂಕು ಎಂದಾದರೆ ಮೊದಲು ಮಾಮೂಲಿ ಡಾಕ್ಟರ ಹತ್ತಿರ ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ನೋಡಿಸಿಕೊಳ್ಳಿ. ಇವು ಏರುಪೇರಾದರೂ ಮನಸ್ಸು ಹಾಗೇ ಕುಗ್ಗುತ್ತದೆ.

ಎಲ್ಲೆಲ್ಲಿ ಹುಡುಕಬಹುದು

ಬೆಂಗಳೂರಿನ ಹೊಸೂರು ರಸ್ತೆಯ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಎಲ್ಲರಿಗೂ ಗೊತ್ತಿರುವ ಹೆಸರುಗಳು. ನಿಮ್ಹಾನ್ಸ್‌ಗೆ ಹೊಸದಾಗಿ ಹೋಗುವವರು ಇಡೀ ದಿನ ಕೈಯಲ್ಲಿಟ್ಟುಕೊಂಡು ಹೋಗಬೇಕು. ಮೊದಲ ದಿನ ಸಾಮಾನ್ಯವಾಗಿ ಮೇಲ್ನೋಟದ ತಪಾಸಣೆ, ಕೂಲಂಕಷವಾದ ವಿಚಾರಣೆಗೆ ಇನ್ನೊಂದು ದಿನ ಕೊಡುವುದೂ ಇದೆ. ಅಲ್ಲಿ ಕಲಿಯುತ್ತಿರುವ ವೈದ್ಯರೂ ನೋಡುತ್ತಾರೆ, ಒಂದೇ ಮುಖ ಪ್ರತಿ ಸಲ ಸಿಗುವ ಖಾತ್ರಿ ಇಲ್ಲ. ಇದು ಕೆಲವರಿಗೆ ಕಿರಿಕಿರಿ. ಆದರೆ ಅವರು ನೋಡಿದ್ದನ್ನು ಹಿರಿಯರು ಮತ್ತೆ ನೋಡುತ್ತಾರೆ ಎಂಬುದು ದೊಡ್ಡ ಲಾಭ. ಆಸ್ಪತ್ರೆಯ ವಾತಾವರಣವೇ ಬೇಡ ಎನ್ನುವವರಿಗೆ ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನದೇ ಸೆಂಟರ್ ಫಾರ್ ವೆಲ್ ಬೀಯಿಂಗ್ ಇದೆ. ಫೋನ್ ಮಾಡಿ ಸಮಯ ತೆಗೆದುಕೊಂಡು ಹೋಗುವುದು ಒಳ್ಳೆಯದು.

ಜಿಲ್ಲೆಗಳಲ್ಲಿರುವವರು ಜಿಲ್ಲಾಸ್ಪತ್ರೆಯನ್ನು ಮರೆಯುತ್ತಾರೆ. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿಯಲ್ಲೇ ನಡೆಸಿದ ಪ್ರಯೋಗ. ಈಗ ಈ ಕಾರ್ಯಕ್ರಮದಡಿ ಜಿಲ್ಲೆಗಳಲ್ಲಿ ಮನೋವೈದ್ಯರು, ಸೈಕಾಲಜಿಸ್ಟ್, ಸೋಷಿಯಲ್ ವರ್ಕರ್ ಇರುವ ತಂಡಗಳು ಕೆಲಸ ಮಾಡುತ್ತವೆ. ಎಲ್ಲ ಹುದ್ದೆಯೂ ಎಲ್ಲ ಕಡೆ ಭರ್ತಿಯಾಗಿರುವುದಿಲ್ಲ ಅನ್ನಿ. 2014ರಲ್ಲಿ ರಾಜ್ಯ ಸರ್ಕಾರ ತಂದ ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಮನೋವೈದ್ಯರು ಬರುವ ಪದ್ಧತಿ ಶುರುವಾಯಿತು. ನಿಮ್ಮ ತಾಲ್ಲೂಕಿನಲ್ಲಿ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲೋ ಆಶಾ ಕಾರ್ಯಕರ್ತೆಯ ಹತ್ತಿರವೋ ವಿಚಾರಿಸಿ. ಮೆಡಿಕಲ್ ಕಾಲೇಜು ಇರುವ ಊರಾದರೆ ಅಲ್ಲಿನ ಮನೋವೈದ್ಯ ವಿಭಾಗಕ್ಕೆ ಹೋಗಬಹುದು, ಖರ್ಚು ಖಾಸಗಿ ಕ್ಲಿನಿಕ್ಕಿಗಿಂತ ಎಷ್ಟೋ ಕಡಿಮೆ.

ಖಾಸಗಿಯಲ್ಲಿ ಒಂದು ಸೆಷನ್ 45ರಿಂದ 60 ನಿಮಿಷ. ಬೆಂಗಳೂರಿನಲ್ಲಿ ಫೀಸು ಸಾವಿರದ ಆಚೀಚೆಯಿಂದ ಶುರುವಾಗಿ ಎರಡು ಮೂರು ಸಾವಿರ ದಾಟುವುದೂ ಇದೆ. ವಾರಕ್ಕೊಂದು ಎಂದರೆ ತಿಂಗಳಿಗೆ ನಾಲ್ಕು. ಈ ಲೆಕ್ಕ ಮೊದಲೇ ಹಾಕಿ. ಆದಾಯ ನೋಡಿ ಫೀಸು ಇಳಿಸುವ ಥೆರಪಿಸ್ಟ್‌ಗಳು ಬೇಕಾದಷ್ಟು ಮಂದಿ ಇದ್ದಾರೆ, ನೀವು ಕೇಳಬೇಕು ಅಷ್ಟೇ. ಐಟಿ ಕಂಪನಿಯಲ್ಲಿದ್ದರೆ ಎಚ್‌ಆರ್ ಕೊಡುವ ಸೌಲಭ್ಯಗಳ ಪಟ್ಟಿಯಲ್ಲಿ ಕೆಲವು ಸೆಷನ್ ಉಚಿತ ಎಂದು ಇರಬಹುದು. ಬಳಸಿಕೊಳ್ಳಿ, ಆದರೆ ಕಂಪನಿಗೆ ಯಾವ ಮಾಹಿತಿ ಹೋಗುತ್ತದೆ ಎಂದು ಮೊದಲ ಕರೆಯಲ್ಲೇ ಕೇಳಿ. ವಿಮೆಯ ಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ದೇಹದ ಕಾಯಿಲೆಗೆ ಇರುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಇರಬೇಕೆಂದು 2017ರ ಕಾಯ್ದೆ ಹೇಳುತ್ತದೆ, ಆದರೆ ಬಹಳಷ್ಟು ಪಾಲಿಸಿಗಳು ಆಸ್ಪತ್ರೆಗೆ ದಾಖಲಾದರೆ ಮಾತ್ರ ಕೊಡುವಂಥವು. ವಾರವಾರದ ಥೆರಪಿಯ ಬಿಲ್ಲು ಬಹುಪಾಲು ನಮ್ಮ ಜೇಬಿನದೇ.

ಸಣ್ಣ ಊರಿನ ಕಷ್ಟ ಬೇರೆ. ಇರುವುದು ಒಬ್ಬರೇ ತಜ್ಞರು, ಅವರ ಕ್ಲಿನಿಕ್ಕು ಚಿಕ್ಕಪ್ಪನ ಅಂಗಡಿಯ ಎದುರಿಗೆ. ಒಳಗೆ ಹೋಗುವುದನ್ನು ಒಬ್ಬರು ಕಂಡರೆ ಸಂಜೆಯೊಳಗೆ ಮನೆಗೆ ಸುದ್ದಿ. ಇಂಥವರಿಗೆ ವಿಡಿಯೊ ಕರೆಯ ಥೆರಪಿ ನಿಜಕ್ಕೂ ವರ. ತೊಂದರೆ ಎಂದರೆ ಮಾತಾಡಲು ಜಾಗ ಬೇಕು. ನಿಲ್ಲಿಸಿದ ಕಾರಿನಲ್ಲಿ, ತಾರಸಿಯಲ್ಲಿ, ತೋಟದಲ್ಲಿ ಇಯರ್‌ಫೋನ್ ಹಾಕಿಕೊಂಡು ಮಾತಾಡುವವರಿದ್ದಾರೆ. ಪಕ್ಕದ ಕೋಣೆಯಲ್ಲಿ ಅತ್ತೆ ಇದ್ದರೆ "ಈಗ ಬರೀ ಹೂಂ, ಉಹೂಂ ಅಂತೀನಿ, ಅರ್ಥ ಮಾಡ್ಕೊಳ್ಳಿ" ಎಂದು ಮೊದಲೇ ಒಂದು ಮೆಸೇಜು ಹಾಕಿಡಬಹುದು.

ವಿದೇಶದಲ್ಲಿರುವ ಕನ್ನಡಿಗರಿಗೆ ಎರಡೇ ಸಾಲು. ಅಮೆರಿಕದಲ್ಲಿ ಲೈಸೆನ್ಸು ರಾಜ್ಯ ರಾಜ್ಯಕ್ಕೆ ಬೇರೆ, ಹಾಗಾಗಿ ನ್ಯೂಜೆರ್ಸಿಯಿಂದ ಟೆಕ್ಸಸ್‌ಗೆ ಮನೆ ಬದಲಿಸಿದರೆ ಹಳೆಯ ಥೆರಪಿಸ್ಟ್ ಮುಂದುವರಿಸಲಾಗದೆ ಹೋಗಬಹುದು, ಮೊದಲೇ ಕೇಳಿಕೊಳ್ಳಿ. ಬ್ರಿಟನ್ನಿನಲ್ಲಿ ಯಾರು ಬೇಕಾದರೂ ತಮ್ಮನ್ನು ಕೌನ್ಸೆಲರ್ ಎಂದು ಕರೆದುಕೊಳ್ಳಬಹುದು, ಕ್ಲಿನಿಕಲ್ ಸೈಕಾಲಜಿಸ್ಟ್ ಎಂದುಕೊಳ್ಳಲು ಮಾತ್ರ ನೋಂದಣಿ ಬೇಕು.

ಡಿಗ್ರಿ ನೋಡುವುದು ಅವಮಾನವಲ್ಲ

ಮನೋವೈದ್ಯರಾದರೆ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಚೀಟಿಯ ಮೇಲೇ ಇರುತ್ತದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಎಲ್ಲರೂ ಆರ್‌ಸಿಐ ಎನ್ನುವ ಸಂಸ್ಥೆಯಲ್ಲಿ, ನೋಂದಣಿ ಇರಬೇಕು. ಅದರ ಜಾಲತಾಣದಲ್ಲಿ ಹೆಸರು ಹಾಕಿ ಹುಡುಕಬಹುದು. ಕೌನ್ಸೆಲರ್‌ಗಳ ವಿಷಯ ಮಾತ್ರ ಸಡಿಲ. ಅವರನ್ನೂ ಇತರ ಮನಶ್ಶಾಸ್ತ್ರಜ್ಞರನ್ನೂ ಒಂದು ಕಾನೂನಿನಡಿ ತರಲು 2021ರಲ್ಲಿ ಕಾಯ್ದೆಯಾಗಿದೆ, ನೋಂದಣಿಯ ವ್ಯವಸ್ಥೆ ಇನ್ನೂ ಕಟ್ಟಿಕೊಳ್ಳುವ ಹಂತದಲ್ಲಿದೆ. ಹಾಗಾಗಿ ಕೌನ್ಸೆಲರ್‌ಗಳನ್ನು ನೇರವಾಗಿ ಕೇಳಬೇಕು: ಏನು ಓದಿದ್ದೀರಿ, ಎಲ್ಲಿ ತರಬೇತಿ, ನಿಮ್ಮ ಕೆಲಸವನ್ನು ನೋಡಿ ತಿದ್ದುವ ಹಿರಿಯರು ಯಾರಾದರೂ ಇದ್ದಾರಾ. ಈ ಕೊನೆಯ ಪ್ರಶ್ನೆ ನನಗೆ ಡಿಗ್ರಿಗಿಂತ ಮುಖ್ಯ. ಒಳ್ಳೆಯ ಥೆರಪಿಸ್ಟ್‌ಗಳು ತಮ್ಮ ಕೇಸುಗಳನ್ನು ಹೆಸರು ಮರೆಸಿ ಹಿರಿಯರ ಜೊತೆ ಚರ್ಚಿಸುತ್ತಲೇ ಇರುತ್ತಾರೆ, ಕೇಳಿದರೆ ಖುಷಿಯಿಂದಲೇ ಹೇಳುತ್ತಾರೆ.

ಹೆಸರಿನ ಹಿಂದೆ "ಡಾ." ಇದ್ದ ಮಾತ್ರಕ್ಕೆ ವೈದ್ಯರೆಂದಲ್ಲ, ಪಿಎಚ್‌ಡಿ ಇರಬಹುದು, ಅದೂ ಯಾವ ವಿಷಯದಲ್ಲೋ. ಲೈಫ್ ಕೋಚ್, ಹೀಲರ್, ಮೈಂಡ್ ಟ್ರೇನರ್ ಎಂಬ ಬೋರ್ಡುಗಳಿಗೆ ಯಾವ ನೋಂದಣಿಯೂ ಬೇಕಿಲ್ಲ.

ಭಾಷೆ, ಊರು, ಜಾತಿ, ಹೆಣ್ಣು, ಗಂಡು

ಇದನ್ನು ಸೌಜನ್ಯಕ್ಕೆ ಯಾರೂ ಎತ್ತುವುದಿಲ್ಲ, ಆದರೆ ಹೊಂದುವುದು ಬಿಡುವುದು ಬಹಳಷ್ಟು ನಿಂತಿರುವುದು ಇದರ ಮೇಲೇ.

ಆಫೀಸಿನಲ್ಲಿ ಇಡೀ ದಿನ ಇಂಗ್ಲಿಷ್ ಆಡುವವರೂ ಅಪ್ಪ ಹೊಡೆದದ್ದನ್ನು ಹೇಳುವಾಗ ಕನ್ನಡಕ್ಕೆ ಜಾರುತ್ತಾರೆ. ಅಪ್ಪ ಅಂದ ಮಾತು ಕನ್ನಡದಲ್ಲೇ ಕಿವಿಯಲ್ಲಿ ಕೂತಿರುತ್ತದೆ. ಕೆಲವರಿಗೆ ಇದರ ಉಲ್ಟಾ: ಇಂಗ್ಲಿಷಿನಲ್ಲಾದರೆ ಮೈ, ಕಾಮ, ಮದುವೆಯ ವಿಷಯ ನಾಚಿಕೆಯಿಲ್ಲದೆ ಹೇಳಲು ಬರುತ್ತದೆ. ನಿಮಗೆ ಯಾವುದು ಎಂದು ನೀವೇ ನೋಡಿಕೊಳ್ಳಿ. ಥೆರಪಿಸ್ಟ್ ಎರಡನ್ನೂ ಬಲ್ಲವರಾದರೆ ಒಳ್ಳೆಯದು. ಕಲಬುರಗಿಯ ಹಿರಿಯರು "ಎದಿ ಹೊಡ್ಕೋತದ, ಹೊಟ್ಟ್ಯಾಗ ಕಸಿವಿಸಿ ಆಗ್ತದ" ಎಂದಾಗ ಅದು ಗ್ಯಾಸ್ಟ್ರಿಕ್ಕಲ್ಲ, ಆತಂಕ ಇರಬಹುದು ಎಂದು ಹಿಡಿಯಬಲ್ಲವರು ಬೇಕು. ಮನೆಯಲ್ಲಿ ತುಳು, ಕೊಂಕಣಿ, ಕೊಡವ, ಬ್ಯಾರಿ, ಉರ್ದು ಆಡುವವರಿಗೂ ಇದೇ ಮಾತು. ಸಿಕ್ಕರೆ ಆ ಭಾಷೆಯವರು, ಇಲ್ಲವಾದರೆ ಆ ಭಾಷೆಯ ಪದ ಬಂದಾಗ ತಡೆಯದೆ ಕೇಳುವವರು.

ಇನ್ನು ಜಾತಿ. ಅಂತರ್ಜಾತಿ ಮದುವೆಯ ಜಗಳ ಹೊತ್ತುಕೊಂಡು ಹೋದವರಿಗೆ "ಹೆತ್ತವರ ಮನಸ್ಸು ನೋಯಿಸಿ ಏನು ಸಾಧಿಸ್ತೀರಿ?" ಎಂಬ ಪ್ರಶ್ನೆ ಎದುರಾದರೆ ಆ ಕೋಣೆಯಲ್ಲಿ ಮುಂದೆ ಮಾತು ಹೊರಡುವುದಿಲ್ಲ. ಹಾಸ್ಟೆಲ್ಲಿನಲ್ಲಿ ಜಾತಿ ಹಿಡಿದು ಆಡಿಕೊಂಡದ್ದನ್ನು ಹೇಳುವ ದಲಿತ ಹುಡುಗನಿಗೆ "ನೀವೇ ಜಾಸ್ತಿ ಹಚ್ಚಿಕೊಂಡಿರಬಹುದಾ?" ಎಂಬ ಪ್ರಶ್ನೆ ಎರಡನೇ ಪೆಟ್ಟು. ನಿಮ್ಮದೇ ಜಾತಿಯ, ನಿಮ್ಮದೇ ಧರ್ಮದ ಥೆರಪಿಸ್ಟ್ ಬೇಕೆಂದಲ್ಲ. ಎಷ್ಟೋ ಸಲ ಅದು ಉಸಿರುಗಟ್ಟಿಸುವುದೂ ಇದೆ, "ನಮ್ಮೋರ ಮಗಳು ಹೀಗಾ" ಎಂದುಕೊಂಡಾರೆಂಬ ಅಳುಕು. ಹೆಂಗಸರು ಹೆಂಗಸರನ್ನೇ ಬಯಸಿದರೆ ಅದಕ್ಕೆ ಕಾರಣ ಹೇಳಬೇಕಾಗಿಲ್ಲ. ಸಲಿಂಗಿಗಳು, ಟ್ರಾನ್ಸ್ ವ್ಯಕ್ತಿಗಳು ಫೋನಿನಲ್ಲೇ ಕೇಳಿಬಿಡುವುದು ಲೇಸು: "ನಮ್ಮಂಥವರ ಜೊತೆ ಕೆಲಸ ಮಾಡಿದ ಅನುಭವ ಇದೆಯಾ?" "ಸರಿಮಾಡ್ತೀವಿ" ಎಂದರೆ ಫೋನ್ ಇಟ್ಟುಬಿಡಿ. ಹಾಗೆ ಬದಲಿಸುವ ಚಿಕಿತ್ಸೆ ವೃತ್ತಿದ್ರೋಹ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ಮೊದಲ ಫೋನು ಅಥವಾ ಮೆಸೇಜು

ಮೂರು ಹೆಸರು ಕೈಯಲ್ಲಿದ್ದರೆ ಸಾಕು, ಮೂವತ್ತು ಬೇಡ. ಪಟ್ಟಿ ಉದ್ದವಾದಷ್ಟೂ ಫೋನ್ ಮಾಡುವ ದಿನ ಮುಂದಕ್ಕೆ ಹೋಗುತ್ತದೆ. ಮಾತಾಡಲು ಅಳುಕಾದರೆ ವಾಟ್ಸಾಪ್ ಸಾಕು. ಹೀಗೆ ಬರೆಯಬಹುದು:

"ನಮಸ್ಕಾರ ಮೇಡಂ. ನನ್ನ ವಯಸ್ಸು 31. ಆರು ತಿಂಗಳಿಂದ ನಿದ್ದೆ ಸರಿಯಾಗಿಲ್ಲ, ಆಫೀಸಿಗೆ ಹೊರಡುವಾಗ ಎದೆ ಡವಡವ ಅನ್ನುತ್ತೆ. ಥೆರಪಿ ಶುರುಮಾಡಬೇಕು ಅಂತಿದ್ದೀನಿ. ಇಂಥ ತೊಂದರೆ ನೀವು ನೋಡ್ತೀರಾ? ಕನ್ನಡದಲ್ಲಿ ಮಾತಾಡಬಹುದಾ? ಫೀಸ್ ಎಷ್ಟು, ಸಂಜೆ ಆರರ ಮೇಲೆ ಸಮಯ ಸಿಗುತ್ತಾ? ತುರ್ತು ಏನಿಲ್ಲ, ನಿಮಗೆ ಬಿಡುವಾದಾಗ ತಿಳಿಸಿ."

ಇಷ್ಟೇ. ಬದುಕಿನ ಕಥೆಯೆಲ್ಲ ಮೆಸೇಜಿನಲ್ಲಿ ಬೇಡ. ಉತ್ತರ ಬರುವ ರೀತಿಯನ್ನು ಗಮನಿಸಿ. ಎರಡು ದಿನ ತಡವಾದರೆ ಚಿಂತೆಯಿಲ್ಲ, ಸೆಷನ್ ಮೇಲೆ ಸೆಷನ್ ಇರುತ್ತದೆ. "ಬನ್ನಿ, ಎಲ್ಲ ಸರಿಹೋಗುತ್ತೆ, 20 ಸೆಷನ್ ಪ್ಯಾಕೇಜ್ ತಗೊಂಡ್ರೆ ಡಿಸ್ಕೌಂಟ್" ಎಂದು ಬಂದರೆ ಯೋಚಿಸಿ. ನಿಮ್ಮನ್ನು ನೋಡುವ ಮೊದಲೇ 20 ಎಂಬ ಲೆಕ್ಕ ಎಲ್ಲಿಂದ ಬಂತು? "ಇದು ನನ್ನ ಕ್ಷೇತ್ರ ಅಲ್ಲ, ಇವರನ್ನು ಕೇಳಿ ನೋಡಿ" ಎಂದು ಬೇರೊಬ್ಬರ ಹೆಸರು ಕೊಟ್ಟವರ ನಂಬರ್ ಅಳಿಸಬೇಡಿ. ಅಂಥವರ ಶಿಫಾರಸು ಸಾಮಾನ್ಯವಾಗಿ ಗಟ್ಟಿ.

ನಿಮ್ಮ ತೊಂದರೆಗೆ ಯಾವ ವಿಧಾನ ಬಳಸುತ್ತೀರಿ ಎಂದೂ ಕೇಳಬಹುದು. ಎಲ್ಲವನ್ನೂ ಓದಿಕೊಂಡು ಹೋಗಬೇಕಾಗಿಲ್ಲ, ಒಂದೆರಡು ಕಡೆ ಮಾತ್ರ ಇದು ನಿಜಕ್ಕೂ ಮುಖ್ಯ. ಕೈ ತೊಳೆದದ್ದೇ ತೊಳೆಯುವ, ಬೀಗ ಹಾಕಿದ್ದನ್ನು ಹತ್ತು ಸಲ ನೋಡುವ ಒಸಿಡಿಗೆ ಇಆರ್‌ಪಿ ಎಂಬ ವಿಧಾನದಲ್ಲಿ ತರಬೇತಾದವರೇ ಬೇಕು: ಹೆದರಿಕೆ ಹುಟ್ಟಿಸುವುದರ ಎದುರು ಸ್ವಲ್ಪ ಸ್ವಲ್ಪವೇ ನಿಂತು, ತೊಳೆಯದೆ ಇರುವುದನ್ನು ಅಭ್ಯಾಸ ಮಾಡಿಸುವ ಕ್ರಮ ಅದು. ಬರೀ ಮಾತಾಡಿ ಸಮಾಧಾನ ಹೇಳುವುದರಿಂದ ಒಸಿಡಿ ಹಗುರಾಗುವುದಿಲ್ಲ. ಪ್ಯಾನಿಕ್, ಆತಂಕ, ಖಿನ್ನತೆಗೆ ಸಿಬಿಟಿ, ಅಂದರೆ ಯೋಚನೆ ಮತ್ತು ನಡವಳಿಕೆಯ ರೂಢಿಗಳನ್ನು ಗುರುತಿಸಿ ಬದಲಿಸಲು ಕಲಿಸುವ ಕ್ರಮ, ಹೆಚ್ಚು ಪರೀಕ್ಷೆಗೊಳಗಾದ ವಿಧಾನ, ಸಾಮಾನ್ಯವಾಗಿ 12ರಿಂದ 20 ಸೆಷನ್ ಹಿಡಿಯುತ್ತದೆ.

ಮೊದಲ ಭೇಟಿ

ಮೊದಲ ದಿನ ಹೆಚ್ಚಾಗಿ ಅವರೇ ಕೇಳುತ್ತಾರೆ: ಮನೆಯಲ್ಲಿ ಯಾರ್ಯಾರು, ಯಾವಾಗಿನಿಂದ, ನಿದ್ದೆ ಊಟ ಹೇಗೆ, ಕುಡಿತ ಇದೆಯಾ, ಮುಂಚೆ ಮಾತ್ರೆ ತೆಗೆದುಕೊಂಡದ್ದುಂಟಾ. ಫಾರ್ಮ್ ತುಂಬಿದ ಹಾಗೆ ಅನ್ನಿಸಬಹುದು. ಅದರಿಂದ ಬೇಸರಪಟ್ಟು ತೀರ್ಮಾನಕ್ಕೆ ಬರಬೇಡಿ. ಗುಟ್ಟಿನ ವಿಷಯ ಮಾತ್ರ ಅಂದೇ ಇತ್ಯರ್ಥವಾಗಬೇಕು. ನೀವು ಹೇಳಿದ್ದನ್ನು ಗುಟ್ಟಾಗಿಡುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ನಿಮ್ಮ ಹಕ್ಕು. ಯಾರದಾದರೂ ಜೀವಕ್ಕೆ ಅಪಾಯವಿದ್ದರೆ, ಕೋರ್ಟು ಕೇಳಿದರೆ, ಹೀಗೆ ಕೆಲವು ವಿನಾಯಿತಿಗಳಿವೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಗೊತ್ತಾದರೆ ಪೋಕ್ಸೊ ಕಾಯ್ದೆಯಡಿ ಅವರು ತಿಳಿಸಲೇಬೇಕು. ಒಳ್ಳೆಯ ಥೆರಪಿಸ್ಟ್ ಇದನ್ನು ನೀವು ಕೇಳುವ ಮೊದಲೇ ಬಿಡಿಸಿ ಹೇಳುತ್ತಾರೆ.

ನಮ್ಮಲ್ಲಿ ಮನೆಯವರು ಜೊತೆಗೆ ಬರುವುದು ಮಾಮೂಲು. ಅದು ಎಷ್ಟೋ ಕಾಯಿಲೆಗಳಲ್ಲಿ ಒಳ್ಳೆಯದೇ, ನಿಮ್ಹಾನ್ಸ್‌ನಲ್ಲಿ ಕುಟುಂಬದ ಚಿಕಿತ್ಸೆಗೆಂದೇ ಪ್ರತ್ಯೇಕ ವಿಭಾಗ ಇದೆ. ಆದರೆ ದೊಡ್ಡವರಾದ ನಿಮ್ಮನ್ನು ಹೊರಗೆ ಕೂರಿಸಿ ನಿಮ್ಮ ಅಪ್ಪನ ಹತ್ತಿರ ಅರ್ಧ ಗಂಟೆ ಮಾತಾಡಿ, "ಎಲ್ಲ ಹೇಳಿದ್ದಾರೆ, ಗೊತ್ತಾಯ್ತು" ಎನ್ನುವವರ ಹತ್ತಿರ ಮತ್ತೆ ಹೋಗುವ ಅಗತ್ಯವಿಲ್ಲ. ಮನೆಯವರ ಜೊತೆ ಏನು ಮಾತಾಡಬೇಕು, ಏನು ಕೂಡದು ಎಂದು ಮೊದಲು ನಿಮ್ಮನ್ನು ಕೇಳಬೇಕು.

ಮೂರನೇ ಭೇಟಿಯ ಹೊತ್ತಿಗೆ

ಹೊಂದಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಎಡ್ವರ್ಡ್ ಬೋರ್ಡಿನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ 1979ರಲ್ಲಿ ಇದನ್ನು ಮೂರು ಭಾಗ ಮಾಡಿ ತೋರಿಸಿದರು: ಗುರಿ ಒಂದೇ ಇದೆಯೇ, ಅದಕ್ಕಾಗಿ ಮಾಡುವ ಕೆಲಸಕ್ಕೆ ಇಬ್ಬರ ಒಪ್ಪಿಗೆ ಇದೆಯೇ, ಇಬ್ಬರ ನಡುವೆ ನಂಬಿಕೆ ಬೆಳೆದಿದೆಯೇ. ಆಮೇಲೆ ಇದರ ಮೇಲೆ ಬೇಕಾದಷ್ಟು ಅಧ್ಯಯನ ನಡೆದಿದೆ. 2018ರಲ್ಲಿ 295 ಅಧ್ಯಯನಗಳನ್ನು, ಒಟ್ಟು 30,000ಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟಿಗೆ ನೋಡಿದಾಗಲೂ ಈ ನಂಟು ಗಟ್ಟಿಯಾಗಿದ್ದಲ್ಲಿ ಫಲ ಚೆನ್ನಾಗಿರುವುದು ಕಂಡುಬಂತು. ವಿಧಾನ ಯಾವುದೇ ಇರಲಿ, ಮುಖಾಮುಖಿಯೋ ಆನ್‌ಲೈನೋ ಇರಲಿ, ಅದು ಹಾಗೇ ಇತ್ತು.

ಜನ ಸಾಮಾನ್ಯವಾಗಿ ಮೂರನೆಯದನ್ನು ಮಾತ್ರ ನೋಡುತ್ತಾರೆ: "ಮೇಡಂ ತುಂಬ ಒಳ್ಳೆಯವರು, ಚೆನ್ನಾಗಿ ಮಾತಾಡಿಸ್ತಾರೆ." ಒಳ್ಳೆಯವರೇ ಇರಬಹುದು. ಆದರೆ ನೀವು ಹೋದದ್ದು ಕೆಲಸ ಬಿಡಬೇಕೋ ಬೇಡವೋ ಎಂಬ ಗೊಂದಲಕ್ಕೆ, ಅವರು ಮೂರು ವಾರದಿಂದ ನಿಮ್ಮ ಬಾಲ್ಯವನ್ನೇ ಕೆದಕುತ್ತಿದ್ದಾರೆ, ಯಾಕೆಂದು ಹೇಳಿಲ್ಲ. ಆಗ ಗುರಿ ಬೇರೆಬೇರೆ. ಅಥವಾ ಅವರು ದಿನಾ ಡೈರಿ ಬರೆಯಿರಿ ಎನ್ನುತ್ತಾರೆ, ನಿಮಗೆ ಬರೆಯುವುದೆಂದರೆ ಸ್ಕೂಲಿನ ಶಿಕ್ಷೆ ನೆನಪಾಗುತ್ತದೆ, ಬರೆಯದೆ ಹೋಗಿ ಪ್ರತಿ ವಾರ ಸಬೂಬು ಹೇಳುತ್ತೀರಿ. ಇದು ಸೋಮಾರಿತನವಲ್ಲ, ಕೆಲಸದ ಬಗ್ಗೆ ಒಪ್ಪಂದವಾಗಿಲ್ಲ. ಮೊಬೈಲಿನಲ್ಲಿ ಮಾತಾಡಿ ರೆಕಾರ್ಡ್ ಮಾಡಲೇ ಎಂದು ಕೇಳಿದರೆ ಮುಗಿಯಿತು.

ಕಷ್ಟವಾಗುತ್ತಿದೆ ಎಂಬುದು ಹೊಂದಿಲ್ಲ ಎಂಬುದರ ಗುರುತಲ್ಲ. ಹಲ್ಲು ಕೀಳಿಸಿದ ದಿನ ಬಾಯಿ ನೋಯುವ ಹಾಗೆ, ಬಚ್ಚಿಟ್ಟದ್ದನ್ನು ಹೇಳಿದ ದಿನ ಮನೆಗೆ ಬಂದು ಅಳುವುದು, ಮಾರನೇ ದಿನ ಮೈಭಾರ ಎಲ್ಲ ಇರುತ್ತದೆ. ವ್ಯತ್ಯಾಸ ಇಲ್ಲಿದೆ: ಅತ್ತರೂ "ಇವರ ಹತ್ರ ಹೇಳಬಹುದಿತ್ತು, ಹೇಳಿದೆ" ಅನ್ನಿಸಿದರೆ ಸರಿಯಾದ ಜಾಗದಲ್ಲಿದ್ದೀರಿ. "ಹೇಳಬಾರದಿತ್ತು, ನನ್ನ ಬಗ್ಗೆ ಏನು ತಿಳ್ಕೊಂಡ್ರೋ" ಎಂಬ ನಾಚಿಕೆ ಪ್ರತಿ ಸಲ ಉಳಿಯುತ್ತಿದ್ದರೆ ಅದನ್ನು ಮಾತಿಗೆ ತರಬೇಕು.

ತರುವುದು ಹೇಗೆ ಎಂಬುದೇ ನಮ್ಮ ಸಮಸ್ಯೆ. ಡಾಕ್ಟರು, ಮೇಷ್ಟ್ರು, ಹಿರಿಯರು ಹೇಳಿದ್ದಕ್ಕೆ ತಲೆಯಾಡಿಸಿ ಬಂದು ಆಮೇಲೆ ಹೋಗುವುದನ್ನೇ ನಿಲ್ಲಿಸುವುದು ನಮಗೆ ರೂಢಿ. ಅತ್ತೆಮನೆಯ ಕಿರಿಕಿರಿ ಹೇಳಿದ ಹೆಂಗಸಿಗೆ ಥೆರಪಿಸ್ಟ್ "ಸ್ವಲ್ಪ ಹೊಂದ್ಕೊಂಡು ಹೋಗಿ" ಎಂದರು ಎನ್ನೋಣ. ಮುಂದಿನ ಸಲ ಆ ಹೆಂಗಸು ಹೀಗೆ ಶುರುಮಾಡಬಹುದು: "ಮೇಡಂ, ಹೋದ ವಾರ ನೀವು ಹೊಂದ್ಕೊಂಡು ಹೋಗಿ ಅಂದ್ರಿ. ಮನೆಗೆ ಹೋದ ಮೇಲೆ ಅದೇ ತಲೇಲಿ ಓಡ್ತಿತ್ತು. ನಮ್ಮಮ್ಮನೂ ಇದೇ ಹೇಳ್ತಾರೆ. ನನಗೆ ಬೇಜಾರಾಯ್ತು." ಈಗ ಎದುರಿನಿಂದ ಬರುವ ಉತ್ತರವನ್ನು ಗಮನಿಸಿ. "ಹೌದಾ, ನಾನು ಹಾಗೆ ಅಂದಿದ್ದು ನಿಮಗೆ ಹೇಗೆ ಕೇಳಿಸ್ತು ಅಂತ ಇನ್ನೂ ಸ್ವಲ್ಪ ಹೇಳಿ" ಎಂದರೆ ಉಳಿಯಿರಿ, ಅಲ್ಲಿಂದ ಮುಂದೆ ಕೆಲಸ ಇನ್ನೂ ಚೆನ್ನಾಗಿ ಸಾಗಬಹುದು. "ನಾನು ಆ ಅರ್ಥದಲ್ಲಿ ಹೇಳ್ಲಿಲ್ಲ, ನೀವೇ ತಪ್ಪು ತಿಳ್ಕೊಂಡಿದ್ದೀರಿ" ಎಂದಷ್ಟೇ ಹೇಳಿ ಮುಂದಕ್ಕೆ ಹೋದರೆ ನಿಮಗೆ ಬೇಕಿದ್ದ ಉತ್ತರ ಸಿಕ್ಕ ಹಾಗೆ.

ಆರೇಳು ಸೆಷನ್ ಆದ ಮೇಲೆ ಲೆಕ್ಕ ನೋಡಿ. ಶುರುವಿನಲ್ಲೇ ಮೂರು ಸಣ್ಣ ವಿಷಯ ಬರೆದಿಟ್ಟುಕೊಂಡಿದ್ದರೆ ಸುಲಭ: ರಾತ್ರಿ ಎಷ್ಟು ಹೊತ್ತಿಗೆ ನಿದ್ದೆ ಹತ್ತುತ್ತದೆ, ಸ್ನೇಹಿತರ ಫೋನ್ ತೆಗೆಯುತ್ತಿದ್ದೇನಾ, ಮಕ್ಕಳ ಮೇಲೆ ವಾರಕ್ಕೆಷ್ಟು ಸಲ ರೇಗಿದೆ. ಖಿನ್ನತೆಗಾದರೆ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಇದೆ, ಅಂಕ 0ಯಿಂದ 27. ಥೆರಪಿಸ್ಟ್ ಹತ್ತಿರವೇ ಕೇಳಿ, ಆಗಾಗ ತುಂಬಿಸಿ ಒಟ್ಟಿಗೆ ನೋಡಿ. ಏನೂ ಕದಲಿಲ್ಲವಾದರೆ "ನಾವು ಬೇರೆ ಏನಾದ್ರೂ ಪ್ರಯತ್ನ ಮಾಡಬೇಕಾ?" ಎಂದು ಕೇಳುವ ಹಕ್ಕು ನಿಮ್ಮದು.

ತಡಮಾಡದೆ ಎದ್ದು ಬರಬೇಕಾದದ್ದು ಯಾವಾಗ

ಮೇಲಿನದೆಲ್ಲ ತಾಳ್ಮೆಯ ಮಾತು. ಕೆಲವಕ್ಕೆ ತಾಳ್ಮೆ ಬೇಡ. ಮೈ ಮುಟ್ಟುವುದು, ಹೊರಗೆ ಭೇಟಿಯಾಗೋಣ ಎನ್ನುವುದು, ಕಾಮದ ಮಾತನ್ನು ನಿಮ್ಮ ತೊಂದರೆಗೆ ಸಂಬಂಧವಿಲ್ಲದೆ ಎಳೆದು ತರುವುದು. ಮನೋವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಿ ಎನ್ನುವುದು. ಇಷ್ಟೇ ದಿನದಲ್ಲಿ ಗುಣ ಎಂದು ಬರೆದುಕೊಡುವುದು. ಇನ್ನೊಬ್ಬ ಕ್ಲೈಂಟಿನ ಕಥೆಯನ್ನು ಗುರುತು ಸಿಗುವಂತೆ ನಿಮಗೆ ಹೇಳುವುದು. ನಾಳೆ ನಿಮ್ಮದೂ ಹಾಗೇ ಹೋಗುತ್ತದೆ. ದೂರು ಕೊಡಬೇಕೆಂದರೆ ಮನೋವೈದ್ಯರ ಮೇಲೆ ರಾಜ್ಯ ವೈದ್ಯಕೀಯ ಪರಿಷತ್ತು, ಕ್ಲಿನಿಕಲ್ ಸೈಕಾಲಜಿಸ್ಟ್ ಮೇಲೆ ಆರ್‌ಸಿಐ. ಮೈಮೇಲೆ ಕೈಹಾಕಿದ್ದರೆ ನೇರ ಪೊಲೀಸ್ ಠಾಣೆ.

ಬಿಡುವುದಾದರೆ

ತಪ್ಪು ಯಾರದೂ ಇಲ್ಲದೆಯೂ ಹೊಂದದೆ ಹೋಗಬಹುದು. ಆಗ ಫೋನ್ ತೆಗೆಯದೆ ಮಾಯವಾಗುವುದಕ್ಕಿಂತ ನಾಲ್ಕು ಸಾಲು ಬರೆಯುವುದು ನಿಮಗೇ ಅನುಕೂಲ: "ಸರ್, ಇಷ್ಟು ದಿನ ಸಮಯ ಕೊಟ್ಟಿದ್ದಕ್ಕೆ ಧನ್ಯವಾದ. ನನಗೆ ಬೇರೆ ರೀತಿಯ ಸಹಾಯ ಬೇಕು ಅನ್ನಿಸ್ತಿದೆ, ಮುಂದಿನ ಸೆಷನ್ ಕ್ಯಾನ್ಸಲ್ ಮಾಡಿ. ನನ್ನ ತೊಂದರೆಗೆ ಹೊಂದುವವರು ನಿಮಗೆ ಯಾರಾದ್ರೂ ಗೊತ್ತಿದ್ರೆ ಹೇಳಿ." ಆಗುವುದಾದರೆ ಕೊನೆಯ ಒಂದು ಸೆಷನ್ ಕೂತು ಮುಗಿಸಿ. ಇಷ್ಟು ದಿನ ಏನೇನು ನಡೆಯಿತು, ಏನು ಫಲ ಕೊಟ್ಟಿತು, ಏನು ಕೊಡಲಿಲ್ಲ ಎಂಬುದರ ಒಂದು ಪುಟದ ಸಾರಾಂಶ ಬರೆದುಕೊಡಲು ಕೇಳಿ. ನಿಮ್ಮ ಚಿಕಿತ್ಸೆಯ ದಾಖಲೆ ಕೇಳುವ ಹಕ್ಕು 2017ರ ಮಾನಸಿಕ ಆರೋಗ್ಯ ಕಾಯ್ದೆಯ 25ನೇ ಸೆಕ್ಷನ್ನಿನಲ್ಲಿದೆ. ಮಾತ್ರೆಯ ಚೀಟಿ, ಪರೀಕ್ಷೆಯ ವರದಿ, ಈ ಸಾರಾಂಶ ಮೂರನ್ನೂ ಒಂದು ಫೈಲಿಗೆ ಹಾಕಿ, ಮುಂದಿನವರ ಹತ್ತಿರ ಹೋದಾಗ ಟೇಬಲ್ ಮೇಲಿಡಿ. ಅಷ್ಟಿದ್ದರೆ ಮೊದಲಿನಿಂದ ಎಲ್ಲ ಕಥೆ ಹೇಳುವ ಒಂದು ಸೆಷನ್ನು, ಅದರ ಫೀಸು ಎರಡೂ ಉಳಿಯುತ್ತದೆ.